ಮ್ಯಾನೇಜರ್ ಜೊತೆ ಗೋಲ್ ಮತ್ತು ಆದ್ಯತೆ ಮಾತಾಡಿ ಮುಗಿಸುವುದು ಹೇಗೆ: ಪೋರ್ಟಲ್ ತೆರೆಯುವ ಮೊದಲು ಮಾಡಬೇಕಾದ ಕೆಲಸಗಳು

ಏಪ್ರಿಲ್ ಬಂದರೆ ಎಚ್‌ಆರ್‌ನಿಂದ ಮೇಲ್ ಬರುತ್ತದೆ. ಗೋಲ್ ಶೀಟ್, ಅಂದರೆ ವರ್ಷದ ಗುರಿಗಳ ಪಟ್ಟಿ, ತುಂಬುವ ಪೋರ್ಟಲ್ ತೆರೆದಿದೆ, ಇಂಥ ತಾರೀಖಿನೊಳಗೆ ತುಂಬಿ ಅಂತ. ಹೆಚ್ಚಿನವರು ಕೊನೆಯ ದಿನ ಸಂಜೆ ಕೂತು ಹೋದ ವರ್ಷದ್ದನ್ನೇ ಕಾಪಿ ಮಾಡಿ, ಇಸವಿ ಬದಲಿಸಿ, ಸಬ್ಮಿಟ್ ಒತ್ತುತ್ತಾರೆ. ಮ್ಯಾನೇಜರ್ ಕೂಡ ಹತ್ತು ಹದಿನೈದು ಜನರದ್ದನ್ನು ಒಟ್ಟಿಗೆ ಅಪ್ರೂವ್ ಮಾಡಿಬಿಡುತ್ತಾರೆ. ಆಮೇಲೆ ಹನ್ನೊಂದು ತಿಂಗಳು ಆ ಶೀಟನ್ನು ಯಾರೂ ತೆರೆದು ನೋಡುವುದಿಲ್ಲ. ರೇಟಿಂಗ್ ಬಂದಾಗ, "ಹೇಳಿದ್ದೆಲ್ಲ ಮಾಡಿದೆನಲ್ಲ, ಮತ್ತ್ಯಾಕೆ ಹೀಗೆ?" ಅನ್ನುವ ಪ್ರಶ್ನೆ ಏಳುತ್ತದೆ.

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದಲ್ಲಿ ನಾನು ಮೇಜಿನ ಎರಡೂ ಕಡೆ ಕೂತಿದ್ದೇನೆ. ಗೋಲ್ ಬರೆಸಿಕೊಂಡಿದ್ದೇನೆ, ಬೇರೆಯವರಿಗೆ ಬರೆಸಿದ್ದೇನೆ. ಎರಡೂ ಕಡೆ ಕಂಡ ತಪ್ಪು ಒಂದೇ: ಕೆಲಸದ ಕ್ರಮ ತಿರುಗಾಮುರುಗಾ ಆಗಿರುತ್ತದೆ. ಪೋರ್ಟಲ್ ತುಂಬುವುದು ಕೊನೆಯ ಕಡೆ ಬರುವ ಕೆಲಸ, ನಾವು ಅದನ್ನೇ ಮೊದಲು ಮಾಡುತ್ತೇವೆ. ಇನ್ನೊಂದು ವಿಷಯವನ್ನಂತೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಈ ಸಲ ಯಾವ ಕೆಲಸ ಮಾಡುವುದಿಲ್ಲ ಅನ್ನುವುದು. ಅದನ್ನು ಹೇಳಿ, ಬರೆದು, ಇಬ್ಬರೂ ಒಪ್ಪುವವರೆಗೆ ಗೋಲ್ ಒಪ್ಪಿಗೆ ಆಯಿತು ಅಂತ ಅಂದುಕೊಳ್ಳಬೇಡಿ.

## ಶುರು ಮಾಡುವ ಮೊದಲು ಏನೇನು ಬೇಕು

ಪೋರ್ಟಲ್ ಮುಚ್ಚುವ ದಿನಕ್ಕಿಂತ ಕನಿಷ್ಠ ಎರಡು ವಾರ ಮೊದಲು ಶುರು ಮಾಡಿ. ಹೋದ ವರ್ಷದ ಗೋಲ್ ಶೀಟ್, ಅದರ ಕೆಳಗೆ ಮ್ಯಾನೇಜರ್ ಬರೆದ ಷರಾ, ಮುಂದಿನ ಮೂರು ತಿಂಗಳ ಕ್ಯಾಲೆಂಡರ್, ಕಂಪನಿಯ ರಜೆ ಪಟ್ಟಿ, ನಿಮ್ಮ ಹೆಸರಲ್ಲಿರುವ ಟಿಕೆಟ್‌ಗಳ (ಟೂಲ್‌ನಲ್ಲಿ ದಾಖಲಾದ ದೂರು, ಕೆಲಸಗಳ) ಪಟ್ಟಿ, ಒಂದು ಖಾಲಿ ಎಕ್ಸೆಲ್ ಶೀಟ್. ಇಷ್ಟು ಸಾಕು. ಹೊಸ ಆ್ಯಪ್ ಏನೂ ಬೇಡ.

ಇದರ ಜೊತೆಗೆ ಮ್ಯಾನೇಜರ್ ಕ್ಯಾಲೆಂಡರ್‌ನಲ್ಲಿ 45 ನಿಮಿಷ ಈಗಲೇ ಹಿಡಿದಿಡಿ. "ಟೈಮ್ ಸಿಕ್ಕಾಗ ಮಾತಾಡೋಣ" ಅಂತ ಬಿಟ್ಟರೆ ಆ ಟೈಮ್ ಸಿಗುವುದೇ ಇಲ್ಲ. ಶುಕ್ರವಾರ ಸಂಜೆ, ರಿಲೀಸ್ ಇರುವ ದಿನ, ಅವರ ಮೇಲಿನವರ ಜೊತೆ ರಿವ್ಯೂ ಇರುವ ದಿನ ಬೇಡ. ಮಂಗಳವಾರ ಅಥವಾ ಬುಧವಾರ ಬೆಳಗ್ಗೆ ನನಗೆ ಸರಿ ಬಂದಿದೆ.

## ಹಂತ 1: ಕೈಯಲ್ಲಿರುವ ಕೆಲಸವನ್ನೆಲ್ಲ ಒಂದೇ ಹಾಳೆಗೆ ತನ್ನಿ

ನೀವು ಈಗ ಮಾಡುತ್ತಿರುವ, ಮಾಡುತ್ತೇನೆ ಅಂತ ಹೇಳಿರುವ, ಯಾರೂ ಹೇಳದೆಯೇ ನಿಮ್ಮ ಮೇಲೆ ಬಂದು ಕೂತಿರುವ ಎಲ್ಲ ಕೆಲಸವನ್ನೂ ಬರೆಯಿರಿ. ಸಾಲಿಗೊಂದು ಕೆಲಸ. ಪಕ್ಕದಲ್ಲಿ ಅದನ್ನು ಯಾರು ಕೇಳಿದ್ದು, ಯಾವಾಗ ಬೇಕು, ಎಷ್ಟು ದಿನ ಹಿಡಿಯುತ್ತದೆ ಅಂತ ಮೂರು ಕಾಲಂ.

ಪ್ರಾಜೆಕ್ಟ್ ಕೆಲಸ ಎಲ್ಲರೂ ಬರೆಯುತ್ತಾರೆ. ಕಣ್ಣಿಗೆ ಕಾಣದ ಕೆಲಸವೇ ಪಟ್ಟಿಯಿಂದ ತಪ್ಪಿಹೋಗುವುದು. ಹೊಸದಾಗಿ ಸೇರಿದವರಿಗೆ ಕಲಿಸುವುದು, ಶನಿವಾರದ ಇಂಟರ್‌ವ್ಯೂ ಡ್ರೈವ್, ಪ್ರತಿ ಶುಕ್ರವಾರ ಕಳಿಸುವ ಸ್ಟೇಟಸ್ ರಿಪೋರ್ಟ್, ಪಕ್ಕದ ಟೀಮಿನವರು "ಒಂದೈದು ನಿಮಿಷ" ಅಂತ ಬಂದು ಒಂದು ಗಂಟೆ ಕೂರುವುದು. ಇವೆಲ್ಲ ನಿಮ್ಮ ವಾರವನ್ನು ತಿನ್ನುತ್ತವೆ, ಗೋಲ್ ಶೀಟಿನಲ್ಲಿ ಮಾತ್ರ ಎಲ್ಲೂ ಕಾಣುವುದಿಲ್ಲ.

ನೆನಪಿನಿಂದ ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ಹಿಂದಿನ ಎರಡು ವಾರದ ಕ್ಯಾಲೆಂಡರ್ ಮತ್ತು ಸೆಂಟ್ ಮೇಲ್ ತೆರೆದಿಟ್ಟುಕೊಂಡು ಬರೆಯಿರಿ. ಸೆಂಟ್ ಮೇಲ್ ನೋಡಿದರೆ ದಿನ ಎಲ್ಲಿ ಹೋಯಿತು ಅನ್ನುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಎಚ್ಚರಿಕೆ: ಪಟ್ಟಿ ಇಪ್ಪತ್ತು ಸಾಲು ದಾಟಿ, ಅದರಲ್ಲಿ ಅರ್ಧಕ್ಕೆ "ಯಾರು ಕೇಳಿದ್ದು" ಅನ್ನುವ ಕಾಲಂ ಖಾಲಿ ಇದ್ದರೆ, ಒಡೆಯರಿಲ್ಲದ ಕೆಲಸಗಳನ್ನು ನೀವು ಹೊತ್ತುಕೊಂಡಿದ್ದೀರಿ ಅಂತ ಅರ್ಥ. ಹಂತ 6ರಲ್ಲಿ ಮೊದಲು ಇಳಿಸಬೇಕಾದದ್ದು ಇವನ್ನೇ. ಅವಕ್ಕೆ ಒಂದು ಗುರುತು ಹಾಕಿಡಿ.

## ಹಂತ 2: ನಿಮ್ಮ ಹತ್ತಿರ ನಿಜವಾಗಿ ಎಷ್ಟು ದಿನ ಇದೆ, ಲೆಕ್ಕ ಹಾಕಿ

ಇದನ್ನು ಬಿಟ್ಟರೆ ಮುಂದಿನ ಮಾತುಕತೆ ಬರೀ ಗೋಳಾಟ ಆಗುತ್ತದೆ. "ತುಂಬಾ ಕೆಲಸ ಇದೆ ಸರ್" ಅನ್ನುವ ಮಾತನ್ನು ಮ್ಯಾನೇಜರ್ ದಿನಾ ಹತ್ತು ಜನರಿಂದ ಕೇಳುತ್ತಾರೆ. ಲೆಕ್ಕ ಇಟ್ಟುಕೊಂಡು ಬರುವವರು ಕಡಿಮೆ.

ಗೋಲ್ ಶೀಟ್ ವರ್ಷದ್ದೇ ಇರಲಿ, ದಿನದ ಲೆಕ್ಕವನ್ನು ಮೂರು ತಿಂಗಳಿಗೆ ಮಾಡಿ. ಅಕ್ಟೋಬರ್‌ನಿಂದ ಡಿಸೆಂಬರ್ ತೆಗೆದುಕೊಳ್ಳೋಣ, ಅದೇ ಎಲ್ಲರಿಗೂ ಕೈಕೊಡುವ ಕ್ವಾರ್ಟರ್. 13 ವಾರ, ವಾರಕ್ಕೆ 5 ದಿನ, ಅಂದರೆ 65 ದಿನ. ಗಾಂಧಿ ಜಯಂತಿ, ಆಯುಧಪೂಜೆ, ದೀಪಾವಳಿ, ರಾಜ್ಯೋತ್ಸವ, ಕ್ರಿಸ್‌ಮಸ್. ವಾರಾಂತ್ಯಕ್ಕೆ ಬಿದ್ದದ್ದನ್ನು ಬಿಟ್ಟು ಇಂಥ ರಜೆಗಳಿಗೆ 5 ದಿನ ಕಳೆಯಿರಿ, 60 ಉಳಿಯಿತು. ದೀಪಾವಳಿಗೆ ಊರಿಗೆ ಹೋಗುವುದು, ಮನೆಯಲ್ಲೊಂದು ಮದುವೆ, ಒಂದೆರಡು ದಿನ ಜ್ವರ ಅಂತ ಇನ್ನೊಂದು 5. ಈಗ 55.

ನಾಲ್ಕು ವಾರಕ್ಕೊಮ್ಮೆ ನಿಮ್ಮದು ಆನ್‌ಕಾಲ್ ಸರದಿ (ತೊಂದರೆ ಬಂದ ಕೂಡಲೇ ನೋಡಲು ಸಿದ್ಧವಿರುವ ಸರದಿ) ಇದ್ದರೆ ಮೂರು ತಿಂಗಳಲ್ಲಿ ಮೂರು ವಾರ. ಆ ವಾರಗಳಲ್ಲಿ ಅರ್ಧ ಹೊತ್ತು ಪ್ರೊಡಕ್ಷನ್, ಅಂದರೆ ಗ್ರಾಹಕರು ಬಳಸುತ್ತಿರುವ ಸಿಸ್ಟಂನ ತೊಂದರೆ ನೋಡುವುದರಲ್ಲೇ ಹೋಗುತ್ತದೆ, ಸುಮಾರು 8 ದಿನ. ಉಳಿದದ್ದು 47. ದಿನಕ್ಕೆ 8 ಗಂಟೆಯಲ್ಲಿ ಮೀಟಿಂಗ್, ಮೇಲ್, ಬೇರೆಯವರ ಕೋಡ್ ನೋಡುವುದು ಎಲ್ಲ ಸೇರಿ 2 ಗಂಟೆ ಅಂದರೂ ಕಾಲು ಭಾಗ ಹೋಯಿತು. ಕೊನೆಗೆ ಕೈಗೆ ಸಿಗುವುದು ಸುಮಾರು 35 ದಿನ.

65 ಅಂತ ಅಂದುಕೊಂಡಿದ್ದು 35. ಮೊದಲ ಸಲ ಈ ಲೆಕ್ಕ ಹಾಕಿದಾಗ ನಾನೂ ಎರಡು ಸಲ ಕೂಡಿ ಕಳೆದು ನೋಡಿದೆ.

ಈಗ ಹಂತ 1ರ ಪಟ್ಟಿಯನ್ನು ಇದರ ಪಕ್ಕದಲ್ಲಿಡಿ. ಪೇಮೆಂಟ್ ಮಾಡ್ಯೂಲ್ ಅಪ್‌ಗ್ರೇಡ್ 20 ದಿನ, ಹೊಸ ಕ್ಲೈಂಟನ್ನು ಸೇರಿಸಿಕೊಳ್ಳುವ ಆನ್‌ಬೋರ್ಡಿಂಗ್ ಕೆಲಸ 15, ತಿಂಗಳ ರಿಪೋರ್ಟ್ ತಾನಾಗಿ ತಯಾರಾಗುವಂತೆ ಮಾಡುವುದು 12, ಬಾಕಿ ಟೆಸ್ಟ್ ಕೇಸ್ 10, ಹೊಸಬರಿಗೆ ತರಬೇತಿ 6 ಅಂತಿಟ್ಟುಕೊಳ್ಳಿ. ಒಟ್ಟು 63. ಇರುವುದು 35. 28 ದಿನದ ಕೆಲಸ ಎಲ್ಲೂ ಹಿಡಿಸುವುದಿಲ್ಲ. ಮಾತುಕತೆಗೆ ನೀವು ಹೊತ್ತುಕೊಂಡು ಹೋಗಬೇಕಾದ ಸಂಖ್ಯೆ ಈ 28.

ಇನ್ನೊಂದು ಮಾತು. ಆ 35ನ್ನೂ ಪೂರ್ತಿ ತುಂಬಬೇಡಿ. ನಾಲ್ಕರಲ್ಲಿ ಒಂದು ಪಾಲು ಖಾಲಿ ಬಿಡಿ. ಮೇಲಿನಿಂದ ಏಕಾಏಕಿ ಬಂದು ಬೀಳುವ ಕೆಲಸ ಪ್ರತಿ ಕ್ವಾರ್ಟರ್‌ನಲ್ಲೂ ಇದ್ದೇ ಇರುತ್ತದೆ, ಅಲ್ವಾ?

ಕ್ಲೈಂಟ್ ಅಮೆರಿಕದವರಾದರೆ ಅವರ ಕ್ಯಾಲೆಂಡರ್ ಕೂಡ ನೋಡಿ. ನವೆಂಬರ್‌ನ ನಾಲ್ಕನೇ ಗುರುವಾರ ಅವರಿಗೆ ಥ್ಯಾಂಕ್ಸ್‌ಗಿವಿಂಗ್. ಅಲ್ಲಿಂದ ಹೊಸ ವರ್ಷದವರೆಗೆ ಅಪ್ರೂವಲ್ ನಿಧಾನ, ಬಹಳ ಕಡೆ ಪ್ರೊಡಕ್ಷನ್‌ಗೆ ಹೊಸದೇನೂ ಹಾಕಲು ಬಿಡುವುದಿಲ್ಲ. ಡಿಸೆಂಬರ್ 20ಕ್ಕೆ ರಿಲೀಸ್ ಅಂತ ಗೋಲ್ ಬರೆದುಕೊಂಡವರು ಕೆಲಸ ಮುಗಿಸಿಯೂ ಜನವರಿಗೆ ತಳ್ಳಿಸಿಕೊಳ್ಳುತ್ತಾರೆ.

## ಹಂತ 3: ನಿಮ್ಮ ಮ್ಯಾನೇಜರ್‌ಗೆ ಮೇಲಿನವರು ಏನು ಕೇಳುತ್ತಿದ್ದಾರೆ, ತಿಳಿದುಕೊಳ್ಳಿ

ನಿಮ್ಮ ಮ್ಯಾನೇಜರ್‌ಗೂ ಒಂದು ಗೋಲ್ ಶೀಟ್ ಇದೆ. ಅದರಲ್ಲಿರುವ ಯಾವ ಸಾಲಿಗೂ ಸಂಬಂಧ ಇಲ್ಲದ ಕೆಲಸವನ್ನು ನೀವು ಎಷ್ಟೇ ಚೆನ್ನಾಗಿ ಮಾಡಿದರೂ ರೇಟಿಂಗ್ ಮೀಟಿಂಗ್‌ನಲ್ಲಿ ಅವರು ನಿಮ್ಮ ಪರವಾಗಿ ಹೇಳಲು ಮಾತು ಸಿಗುವುದಿಲ್ಲ. ಇದು ಕಹಿ ಅನಿಸಬಹುದು, ಆದರೆ ಮೇಜಿನ ಆ ಕಡೆ ಕೂತು ನೋಡಿದ್ದೇನೆ.

ನೇರವಾಗಿ ಕೇಳಿ. ಇದನ್ನು ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡ ಮ್ಯಾನೇಜರನ್ನು ನಾನು ಕಂಡಿಲ್ಲ. "ಈ ಕ್ವಾರ್ಟರ್ ಮುಗಿದಾಗ ನಿಮ್ಮನ್ನ ಮೇಲಿನವರು ಮೊದಲು ಕೇಳೋದು ಏನು?" "ನಮ್ಮ ಟೀಮಿಂದ ಯಾವುದು ತಡ ಆದ್ರೆ ನಿಮಗೆ ಜಾಸ್ತಿ ತೊಂದರೆ?" "ಹೋದ ವರ್ಷ ನಾನು ಮಾಡಿದ್ದರಲ್ಲಿ ನಿಮಗೆ ಉಪಯೋಗಕ್ಕೆ ಬರದೇ ಇದ್ದದ್ದು ಯಾವುದು?" ಮೂರನೆಯದನ್ನು ಕೇಳಲು ಸ್ವಲ್ಪ ಧೈರ್ಯ ಬೇಕು. ಆದರೆ ಉತ್ತರದಿಂದ ಅತಿ ಹೆಚ್ಚು ಕಲಿತದ್ದು ಅದರಲ್ಲೇ.

ಕೇಳಲು ಸಂಕೋಚ ಇದ್ದರೆ ಗಮನಿಸಿ. ಸೋಮವಾರದ ಮೀಟಿಂಗ್‌ನಲ್ಲಿ ಅವರು ಮೊದಲು ಯಾವುದರ ಬಗ್ಗೆ ವಿಚಾರಿಸುತ್ತಾರೆ? ರಾತ್ರಿ ಒಂಬತ್ತಕ್ಕೆ ಯಾವುದಕ್ಕೆ ಫೋನ್ ಮಾಡುತ್ತಾರೆ? ಅವರ ನಿಜವಾದ ಆದ್ಯತೆ ಅದೇ. ಸ್ಲೈಡಿನಲ್ಲಿ ಏನು ಬರೆದಿದ್ದರೂ ಅದನ್ನು ಆಮೇಲೆ ನೋಡಿ.

ಇಬ್ಬರು ಮ್ಯಾನೇಜರ್ ಇರುವವರು, ಅಂದರೆ ಪ್ರಾಜೆಕ್ಟ್‌ಗೆ ಒಬ್ಬರು, ರೇಟಿಂಗ್ ಕೊಡಲು ಇನ್ನೊಬ್ಬರು ಇರುವವರು, ಇಬ್ಬರನ್ನೂ ಕೇಳಬೇಕು. ಉತ್ತರ ಬೇರೆ ಬೇರೆ ಬಂದರೆ ನೀವೇ ಮಧ್ಯೆ ನಿಂತು ಬಿಡಿಸಲು ಹೋಗಬೇಡಿ. ಇಬ್ಬರನ್ನೂ ಒಂದೇ ಮೇಲ್‌ನಲ್ಲಿಟ್ಟು, ಎರಡರಲ್ಲಿ ಮೊದಲು ಯಾವುದು ಅಂತ ಕೇಳಿ.

## ಹಂತ 4: ಗೋಲನ್ನು ವಾಕ್ಯವಾಗಿ ಬರೆಯಿರಿ

ಮೂರರಿಂದ ಐದು ಸಾಕು. ಪೋರ್ಟಲ್‌ನಲ್ಲಿ ಹತ್ತು ಖಾಲಿ ಬಾಕ್ಸ್ ಇದೆ ಅಂತ ಹತ್ತೂ ತುಂಬಬೇಕಿಲ್ಲ.

ಒಂದು ಗೋಲ್ ನೆಟ್ಟಗಿದೆಯಾ ಅಂತ ನೋಡಲು ನಾನು ಬಳಸುವ ಪರೀಕ್ಷೆ ಇದು. ನಿಮ್ಮ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರು ಮಾರ್ಚ್‌ನಲ್ಲಿ ಆ ಸಾಲನ್ನು ಓದಿ, ಆಯಿತಾ ಇಲ್ಲವಾ ಅಂತ ಹೇಳಲು ಆಗಬೇಕು. "ಪೇಮೆಂಟ್ ಮಾಡ್ಯೂಲ್ ಗುಣಮಟ್ಟ ಉತ್ತಮಪಡಿಸುವುದು" ಅಂತ ಬರೆದರೆ ಯಾರಿಗೂ ಹೇಳಲು ಆಗುವುದಿಲ್ಲ. "ಪೇಮೆಂಟ್ ಮಾಡ್ಯೂಲ್ ಹೊಸ ವರ್ಷನ್ ನವೆಂಬರ್ 14ರೊಳಗೆ ಪ್ರೊಡಕ್ಷನ್‌ಗೆ, ನಂತರದ 30 ದಿನದಲ್ಲಿ ಕ್ಲೈಂಟ್‌ನಿಂದ ಬರುವ ಗಂಭೀರ ಟಿಕೆಟ್ 2ಕ್ಕಿಂತ ಜಾಸ್ತಿ ಇರಬಾರದು, ಲೆಕ್ಕ ಟಿಕೆಟ್ ಟೂಲ್‌ನಿಂದ" ಅಂತ ಬರೆದರೆ ಹೇಳಬಹುದು. ಏನು, ಯಾವಾಗ, ಎಷ್ಟು, ಎಲ್ಲಿ ನೋಡಬೇಕು, ನಾಲ್ಕೂ ಅದರಲ್ಲಿದೆ.

ಸಂಖ್ಯೆ ಹಾಕುವಾಗ ಈಗ ಎಷ್ಟಿದೆ ಅನ್ನುವುದನ್ನೂ ಜೊತೆಗೇ ಬರೆಯಿರಿ. ಇದನ್ನು ಬಹಳ ಜನ ಮರೆಯುತ್ತಾರೆ. ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುವವರು "ರಿಜೆಕ್ಷನ್ ಕಡಿಮೆ ಮಾಡುವುದು" ಅಂತ ಬರೆದರೆ ಸಾಲದು. ಈಗ 100ಕ್ಕೆ 4 ಇದೆ, ಸೆಪ್ಟೆಂಬರ್ ಕೊನೆಗೆ 2.5ಕ್ಕೆ ಇಳಿಸುವುದು ಅಂತ ಇರಬೇಕು.

ಅಲ್ಲೇ ಇನ್ನೊಂದು ಗುಂಡಿಯೂ ಇದೆ. ಆ 4ರಲ್ಲಿ ಅರ್ಧ ಹೊರಗಿನಿಂದ ಬರುವ ಕಾಸ್ಟಿಂಗ್‌ನ (ಎರಕ ಹೊಯ್ದ ಭಾಗದ) ದೋಷ ಆಗಿದ್ದರೆ, ಮಷಿನ್ ಮುಂದೆ ನಿಂತವರು ಎಷ್ಟು ಬಡಿದಾಡಿದರೂ ಅದು ಇಳಿಯುವುದಿಲ್ಲ. ಆದ್ದರಿಂದ ಗೋಲನ್ನು ಒಡೆದು ಬರೆಯಿರಿ. ಮಷಿನಿಂಗ್ ದೋಷ 2ರಿಂದ 1ಕ್ಕೆ ಇಳಿಸುವುದು ನನ್ನ ಹೊಣೆ. ಕಾಸ್ಟಿಂಗ್ ದೋಷದ ವಿಷಯದಲ್ಲಿ ಬಂದ ಮಾಲನ್ನು ಒಳಗೆ ತೆಗೆದುಕೊಳ್ಳುವಾಗಲೇ ಹಿಡಿಯುವುದು, ವಾರಕ್ಕೊಮ್ಮೆ ಖರೀದಿ ವಿಭಾಗಕ್ಕೆ ವರದಿ ಕೊಡುವುದು ನನ್ನ ಹೊಣೆ. ನಿಮ್ಮ ಕೈಯಲ್ಲಿ ಇಲ್ಲದ ಸಂಖ್ಯೆಗೆ ನಿಮ್ಮ ಹೆಸರು ಬರೆದುಕೊಳ್ಳಬೇಡಿ.

ಬೇರೆಯವರಿಂದ ಏನಾದರೂ ಬರಬೇಕಿದ್ದರೆ ಅದನ್ನೂ ಗೋಲಿನ ಕೆಳಗೆ ಬರೆಯಿರಿ: "ಅಕ್ಟೋಬರ್ 10ರೊಳಗೆ ಟೆಸ್ಟ್ ಸರ್ವರ್ ಸಿಗಬೇಕು." ಮೂರು ವಾರ ತಡವಾಗಿ ಸಿಕ್ಕರೆ ಆ ಸಾಲು ನಿಮ್ಮ ಕೈ ಹಿಡಿಯುತ್ತದೆ.

ಕೊನೆಗೆ, ಇದಕ್ಕಿಂತ ಮೇಲಿನ ರೇಟಿಂಗ್‌ಗೆ ಏನು ಬೇಕು ಅನ್ನುವುದನ್ನು ಈಗಲೇ ಕೇಳಿ ಬರೆದಿಡಿ. ಗೋಲಿನಲ್ಲಿ ಇದ್ದಷ್ಟನ್ನೇ ಮಾಡಿದರೆ ಬರುವುದು ಸಾಮಾನ್ಯವಾಗಿ ಮಧ್ಯದ ರೇಟಿಂಗ್. ಹೇಳಿದ್ದೆಲ್ಲ ಮಾಡಿದೆ ಅನ್ನುವವರ ಬೇಸರ ಹೆಚ್ಚಾಗಿ ಇಲ್ಲೇ ಹುಟ್ಟುವುದು.

## ಹಂತ 5: ಒಂದು, ಎರಡು, ಮೂರು ಅಂತ ಸಾಲಾಗಿ ನಿಲ್ಲಿಸಿ

ಹೈ, ಮೀಡಿಯಂ, ಲೋ ಬೇಡ. ಎಲ್ಲವೂ ಹೈ ಆಗಿಬಿಡುತ್ತದೆ. ಒಂದನೇ ಸ್ಥಾನದಲ್ಲಿ ಒಂದೇ ಕೆಲಸ ಇರಬೇಕು. ಎರಡರ ನಡುವೆ ತೀರ್ಮಾನ ಆಗದಿದ್ದರೆ, "ನಾಳೆ ಬೆಳಗ್ಗೆ ಎರಡೂ ಒಟ್ಟಿಗೆ ಕೆಟ್ಟರೆ ಮೊದಲು ಯಾವುದಕ್ಕೆ ಕೈ ಹಾಕುತ್ತೇನೆ?" ಅಂತ ಕೇಳಿಕೊಳ್ಳಿ.

ಸಾಲಿನ ಕೆಳಗೆ ದಿನಗಳನ್ನು ಕೂಡುತ್ತಾ ಬನ್ನಿ. 35ರಲ್ಲಿ ಕಾಲು ಭಾಗ ಖಾಲಿ ಬಿಟ್ಟರೆ ಉಳಿಯುವುದು 26-27, ಮೊತ್ತ ಅದನ್ನು ದಾಟುವ ಕಡೆ ಒಂದು ಅಡ್ಡಗೆರೆ ಎಳೆಯಿರಿ. ಗೆರೆಯ ಮೇಲಿನದು ಈ ಕ್ವಾರ್ಟರ್‌ಗೆ. ಕೆಳಗಿನದು ಬಿಡುವ ಪಟ್ಟಿ. ಇದು ಕರಡು ಅಷ್ಟೇ, ಮ್ಯಾನೇಜರ್ ಬದಲಿಸಬಹುದು. ಆದರೆ ಗೆರೆ ಇರಲೇಬೇಕು.

## ಹಂತ 6: ಕೂತು ಮಾತಾಡಿ

ಹಿಂದಿನ ದಿನವೇ ಕರಡನ್ನು ಕಳಿಸಿ. ಒಂದೇ ಪುಟ. ಮೀಟಿಂಗ್‌ನಲ್ಲೇ ಮೊದಲ ಸಲ ತೋರಿಸಿದರೆ ಓದುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ.

ಶುರುವಿಗೆ ಅವರ ಆದ್ಯತೆಯನ್ನು ನಿಮ್ಮ ಮಾತಿನಲ್ಲಿ ಹೇಳಿ, ಸರಿಯಾಗಿ ಅರ್ಥ ಆಗಿದೆಯಾ ಅಂತ ಕೇಳಿ. ಆಮೇಲೆ ದಿನದ ಲೆಕ್ಕ ತೋರಿಸಿ. ಕೊನೆಗೆ ಗೆರೆ. ಈ ಕ್ರಮ ತಪ್ಪಿಸಬೇಡಿ. ಗೆರೆಯನ್ನೇ ಮೊದಲು ತೋರಿಸಿದರೆ ಕೆಲಸ ತಪ್ಪಿಸಿಕೊಳ್ಳಲು ಬಂದಿದ್ದಾರೆ ಅನಿಸುತ್ತದೆ. ಲೆಕ್ಕ ಮೊದಲು ಬಂದರೆ ಇಬ್ಬರೂ ಒಂದೇ ಕಡೆ ಕೂತು ಅದೇ ಹಾಳೆಯನ್ನು ನೋಡುತ್ತೀರಿ.

ಇಲ್ಲಿ ನಮ್ಮ ಜನಕ್ಕೆ ಆಗುವ ದೊಡ್ಡ ಎಡವಟ್ಟಿನ ಬಗ್ಗೆ ಹೇಳಲೇಬೇಕು. ಹಿರಿಯರ ಮುಂದೆ, ಮೇಲಿನವರ ಮುಂದೆ "ಆಗಲ್ಲ" ಅನ್ನಲು ನಮಗೆ ನಾಲಿಗೆ ಬರುವುದಿಲ್ಲ. ಅದರ ಬದಲು "ನೋಡ್ತೀನಿ ಸರ್" ಅಂತೀವಿ. "ಟ್ರೈ ಮಾಡ್ತೀನಿ" ಅಂತೀವಿ. ನಮ್ಮ ಮನಸ್ಸಿನಲ್ಲಿ ಅದಕ್ಕೆ "ಕಷ್ಟ ಇದೆ" ಅಂತ ಅರ್ಥ. ಕೇಳಿದವರ ಕಿವಿಗೆ ಅದು "ಆಯ್ತು" ಅಂತ ಬೀಳುತ್ತದೆ. ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ ನಾನು ಹೀಗೆ ಎರಡು ಕೆಲಸಕ್ಕೆ "ನೋಡ್ತೀನಿ" ಅಂದಿದ್ದೆ. ಆರು ತಿಂಗಳ ನಂತರ ರಿವ್ಯೂನಲ್ಲಿ, "ನೀವೇ ಒಪ್ಕೊಂಡಿದ್ರಲ್ಲ" ಅಂದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಕೇಳಿಸಿದ್ದು ಹಾಗೇ. ಆ ದಿನ ಮನೆಗೆ ಬಂದು ಊಟ ಸೇರಲಿಲ್ಲ.

"ಇಲ್ಲ" ಅನ್ನಲು ಬರದಿದ್ದರೆ ಪರವಾಗಿಲ್ಲ, ಅದರ ಅಗತ್ಯವೂ ಇಲ್ಲ. ಆಯ್ಕೆಯನ್ನು ಅವರ ಮುಂದಿಡಿ. "ಸರ್, ಇದನ್ನ ಮಾಡ್ತೀನಿ. ಆದ್ರೆ 12 ದಿನ ಬೇಕು. ಆ 12 ದಿನವನ್ನ ಆನ್‌ಬೋರ್ಡಿಂಗ್‌ನಿಂದ ತೆಗೀಲಾ, ಟೆಸ್ಟ್ ಕೇಸ್‌ನಿಂದ ತೆಗೀಲಾ?" ಹೆಸರು ಹಿಡಿದು ಕರೆಯುವ ಕಂಪನಿಗಳಲ್ಲಿ ಸರ್ ಬಿಟ್ಟು ಹೆಸರು ಹಾಕಿ, ಉಳಿದದ್ದು ಅದೇ. ಈ ವಾಕ್ಯದಲ್ಲಿ ಗೌರವಕ್ಕೆ ಕುಂದಿಲ್ಲ, ಸುಳ್ಳು ಆಶ್ವಾಸನೆಯೂ ಇಲ್ಲ.

"ಎಲ್ಲಾ ಇಂಪಾರ್ಟೆಂಟೇ, ಎಲ್ಲಾನೂ ಬೇಕು" ಅಂತ ಮ್ಯಾನೇಜರ್ ಹೇಳಿದರೆ? ಹತ್ತರಲ್ಲಿ ಏಳು ಸಲ ಹೇಳುತ್ತಾರೆ, ಅದಕ್ಕೆ ತಯಾರಾಗಿ ಹೋಗಿ. ವಾದ ಬೇಡ. "ಸರಿ, ಎಲ್ಲಾ ಬೇಕು. ನಾನು ಯಾವ ಆರ್ಡರ್‌ನಲ್ಲಿ ಮುಗಿಸಿಕೊಡಲಿ?" ಅಂತ ಕೇಳಿ. ಆರ್ಡರ್ ಹೇಳಲು ಯಾರೂ ಹಿಂಜರಿಯುವುದಿಲ್ಲ. ಹೇಳಿದ ಕೂಡಲೇ ತಾರೀಖು ಹಾಕಿ: "ಈ ಆರ್ಡರ್‌ನಲ್ಲಿ ಹೋದ್ರೆ ರಿಪೋರ್ಟ್ ಕೆಲಸ ಫೆಬ್ರವರಿಗೆ ಬರುತ್ತೆ. ಅದು ಸರೀನಾ?" ಅಲ್ಲಿಗೆ ಅವರು ಸರಿ ಅನ್ನುತ್ತಾರೆ, ಇಲ್ಲವೇ ಇನ್ನೊಬ್ಬರಿಗೆ ಕೊಡುವ ಮಾತು ಎತ್ತುತ್ತಾರೆ. ಎರಡೂ ನಿಮಗೆ ಒಳ್ಳೆಯದೇ.

ನಮ್ಮ ಉದಾಹರಣೆಯಲ್ಲಿ ಮಾತು ಹೀಗೆ ಮುಗಿಯಬಹುದು. ಪೇಮೆಂಟ್ ಅಪ್‌ಗ್ರೇಡ್ 20, ತರಬೇತಿ 6, ಒಟ್ಟು 26 ದಿನ ನಿಮ್ಮದು. ಆನ್‌ಬೋರ್ಡಿಂಗ್ ಇನ್ನೊಬ್ಬರಿಗೆ. ರಿಪೋರ್ಟ್ ಕೆಲಸ ಜನವರಿ ನಂತರ. ಟೆಸ್ಟ್ ಕೇಸ್‌ಗೆ ಈ ಸಲ ಕೈ ಹಾಕುವುದಿಲ್ಲ. ಉಳಿದ 9 ದಿನ ಏಕಾಏಕಿ ಬರುವ ಕೆಲಸಕ್ಕೆ.

ಎಚ್ಚರಿಕೆ: ಮೀಟಿಂಗ್ ಹತ್ತೇ ನಿಮಿಷದಲ್ಲಿ "ಗುಡ್, ಗುಡ್, ಗೋ ಅಹೆಡ್" ಅಂತ ಮುಗಿದರೆ ಖುಷಿಪಡಬೇಡಿ. ಅವರು ಓದಿಲ್ಲ. ಬಿಡುವ ಪಟ್ಟಿಯ ಮೊದಲ ಸಾಲನ್ನು ಜೋರಾಗಿ ಓದಿ: "ಅಂದ್ರೆ ರಿಪೋರ್ಟ್ ಕೆಲಸ ಡಿಸೆಂಬರ್‌ವರೆಗೆ ಮುಟ್ಟಲ್ಲ, ಓಕೆ ಅಲ್ವಾ?" ನಿಜವಾದ ಮಾತುಕತೆ ಆಗ ಶುರುವಾಗುತ್ತದೆ.

## ಹಂತ 7: ಅದೇ ದಿನ ಮೇಲ್ ಹಾಕಿ

ಮಾತಾಡಿದ್ದು ಎರಡು ವಾರಕ್ಕೆ ಇಬ್ಬರ ತಲೆಯಲ್ಲೂ ಬೇರೆ ಬೇರೆ ಆಗಿರುತ್ತದೆ. ಸಂಜೆ ಮನೆಗೆ ಹೊರಡುವ ಮೊದಲು ಕಳಿಸಿ. ಆಫೀಸಿನ ರೂಢಿಯಂತೆ ಇಂಗ್ಲಿಷಿನಲ್ಲೇ ಬರೆಯಿರಿ, ಒಳಗಿನ ವಿಷಯ ಇಷ್ಟೇ:

"ಇವತ್ತು ಮಾತಾಡಿದಂತೆ, ಅಕ್ಟೋಬರ್–ಡಿಸೆಂಬರ್‌ಗೆ ನನ್ನ ಕೆಲಸದ ಕ್ರಮ: ಒಂದು, ಪೇಮೆಂಟ್ ಅಪ್‌ಗ್ರೇಡ್, ನವೆಂಬರ್ 14. ಎರಡು, ಹೊಸ ಇಬ್ಬರ ತರಬೇತಿ, ಅಕ್ಟೋಬರ್ ಕೊನೆ. ಈ ಅವಧಿಯಲ್ಲಿ ಮಾಡದೇ ಇರುವುದು: ರಿಪೋರ್ಟ್ ಆಟೊಮೇಷನ್, ಬಾಕಿ ಟೆಸ್ಟ್ ಕೇಸ್. ಆನ್‌ಬೋರ್ಡಿಂಗ್ ಬೇರೆ ಯಾರಿಗೆ ಅಂತ ನೀವು ಈ ವಾರ ತಿಳಿಸುತ್ತೀರಿ. ಟೆಸ್ಟ್ ಸರ್ವರ್ ಅಕ್ಟೋಬರ್ 10ಕ್ಕೆ ಬೇಕು. ನಾನು ಏನಾದರೂ ತಪ್ಪಾಗಿ ಬರೆದಿದ್ದರೆ ತಿಳಿಸಿ."

"ಮಾಡದೇ ಇರುವುದು" ಅನ್ನುವ ಸಾಲನ್ನು ಬಿಡಬೇಡಿ. ಈ ಮೇಲ್‌ನ ಜೀವ ಅದು. ಉತ್ತರ ಬರದಿದ್ದರೆ ಎರಡು ದಿನ ಬಿಟ್ಟು ಎದುರಿಗೆ ಸಿಕ್ಕಾಗ ಕೇಳಿ, ಚಾಟ್‌ನಲ್ಲಿ ಒಂದು "ಓಕೆ" ಆದರೂ ಪಡೆಯಿರಿ. ಮೇಲಿನವರನ್ನು ಸಿಸಿ ಹಾಕಬೇಡಿ. ಅದು ನಂಬಿಕೆಯನ್ನು ಕೆಡಿಸುತ್ತದೆ.

## ಹಂತ 8: ಈಗ ಪೋರ್ಟಲ್

ಮೇಲ್‌ನಲ್ಲಿದ್ದದ್ದನ್ನು ಪೋರ್ಟಲ್‌ಗೆ ಹಾಕಿ. ವೇಟೇಜ್, ಅಂದರೆ ಯಾವ ಗೋಲಿಗೆ ನೂರರಲ್ಲಿ ಎಷ್ಟು ಪಾಲು ಅಂತ, ಕೇಳಿದರೆ ಒಂದನೇ ಕೆಲಸಕ್ಕೆ ಎಲ್ಲಕ್ಕಿಂತ ಜಾಸ್ತಿ ಇರಲಿ. ಮೊದಲ ಆದ್ಯತೆ ಅಂತ ಹೇಳಿ 20 ಹಾಕಿ, ತರಬೇತಿಗೂ 20 ಹಾಕಿದರೆ ಮಾಡಿದ ಮಾತೆಲ್ಲ ವ್ಯರ್ಥ. ಸೇವ್ ಮಾಡಿದ್ದು ಬರೀ ಡ್ರಾಫ್ಟ್ ಆಗಿ ಉಳಿದಿಲ್ಲ, ಸಬ್ಮಿಟ್ ಆಗಿ ಮ್ಯಾನೇಜರ್ ಅಪ್ರೂವ್ ಮಾಡಿದ್ದಾರೆ ಅಂತ ಖಚಿತ ಮಾಡಿಕೊಳ್ಳಿ. ಆ ಪುಟದ ಪಿಡಿಎಫ್ ಒಂದನ್ನು ತೆಗೆದಿಡಿ.

## ಹಂತ 9: ಒಪ್ಪಿದ್ದನ್ನು ವರ್ಷವಿಡೀ ಜೀವಂತ ಇಡಿ

ಎರಡು ವಾರಕ್ಕೊಮ್ಮೆ ಒನ್-ಆನ್-ಒನ್‌ನಲ್ಲಿ (ನೀವು ಮತ್ತು ಮ್ಯಾನೇಜರ್ ಇಬ್ಬರೇ ಕೂರುವ ಮೀಟಿಂಗ್‌ನಲ್ಲಿ) ಹತ್ತು ನಿಮಿಷ ಆ ಒಂದು ಪುಟವನ್ನೇ ತೆರೆಯಿರಿ. ಎಲ್ಲಿದ್ದೇವೆ, ಏನು ಅಡ್ಡ ಬಂದಿದೆ, ಕ್ರಮ ಬದಲಾಗಿದೆಯಾ. ಅಷ್ಟೇ.

ಮಧ್ಯದಲ್ಲಿ ಹೊಸ ಕೆಲಸ ಬಂದರೆ ಮೊದಲು ಆ 9 ದಿನದಿಂದ ಕೊಡಿ. ಅದು ಖಾಲಿಯಾದ ಮೇಲೆ, ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. "ಇದನ್ನ ತಗೋತೀನಿ, ಪೇಮೆಂಟ್ ರಿಲೀಸ್ ಒಂದು ವಾರ ಮುಂದೆ ಹೋಗುತ್ತೆ" ಅಂತ ಅವತ್ತೇ ಹೇಳಿ, ಹಳೆಯ ಮೇಲ್‌ಗೇ ರಿಪ್ಲೈ ಆಗಿ ಬರೆಯಿರಿ. ಎಲ್ಲವೂ ಒಂದೇ ಸರಪಳಿಯಲ್ಲಿ ಉಳಿಯುತ್ತದೆ. ವರ್ಷದ ಮಧ್ಯದ ರಿವ್ಯೂನಲ್ಲಿ ಪೋರ್ಟಲ್ ಮತ್ತೆ ತೆರೆದರೆ ಈ ಬದಲಾವಣೆಗಳನ್ನು ಅಲ್ಲೂ ಹಾಕಿ. ಮಾಡದೇ ಬಿಟ್ಟ ಹಳೆಯ ಗೋಲ್ ಅಲ್ಲೇ ಉಳಿದರೆ ಮಾರ್ಚ್‌ನಲ್ಲಿ ಅದು ಸೋಲಿನಂತೆ ಕಾಣುತ್ತದೆ.

ಮ್ಯಾನೇಜರ್ ಬದಲಾಗುವುದು ಎಲ್ಲಕ್ಕಿಂತ ಅಪಾಯದ ಘಳಿಗೆ. ಎಂಟು ತಿಂಗಳು ಒಬ್ಬರ ಕೈಕೆಳಗೆ ದುಡಿದು, ಕೊನೆಯ ನಾಲ್ಕು ತಿಂಗಳಲ್ಲಿ ಬಂದವರಿಂದ ರೇಟಿಂಗ್ ಪಡೆದು ಕಂಗಾಲಾದವರನ್ನು ಬಹಳ ನೋಡಿದ್ದೇನೆ. ಹಳಬರು ಹೋಗುವ ಸುದ್ದಿ ತಿಳಿದ ದಿನವೇ, ಇಲ್ಲಿವರೆಗಿನ ಕೆಲಸದ ಬಗ್ಗೆ ಪೋರ್ಟಲ್‌ನಲ್ಲಿ ಫೀಡ್‌ಬ್ಯಾಕ್ ಬರೆದು ಹೋಗುವಂತೆ ಕೇಳಿಕೊಳ್ಳಿ. ಕೊನೆಯ ವಾರದಲ್ಲಿ ಅವರಿಗೆ ಲ್ಯಾಪ್‌ಟಾಪ್ ಹಿಂದಿರುಗಿಸುವ ಗಡಿಬಿಡಿ, ಆಗ ಆಗುವುದಿಲ್ಲ. ಹೊಸಬರು ಬಂದ ಮೊದಲ ವಾರದಲ್ಲೇ ಆ ಮೇಲ್ ಸರಪಳಿ ಕಳಿಸಿ, "ಇದು ಒಪ್ಪಿದ ಕ್ರಮ, ನಿಮಗೇನಾದರೂ ಬದಲಿಸಬೇಕಾ?" ಅಂತ ಕೇಳಿ. ಅವರದು ಬೇರೆ ಆದ್ಯತೆ ಇದ್ದರೆ ಹಂತ 3ರಿಂದ ಮತ್ತೆ ಶುರು.

## ಟಾರ್ಗೆಟ್ ಮೇಲಿಂದಲೇ ಬರುವ ಕಡೆ

ಬ್ಯಾಂಕ್ ಶಾಖೆ, ಸೇಲ್ಸ್, ಇನ್ಶೂರೆನ್ಸ್‌ನವರು ಕೇಳುತ್ತಾರೆ: ನಮಗೆ ಸಂಖ್ಯೆ ಮೇಲಿಂದ ಇಳಿದು ಬರುತ್ತದೆ, ಇದೆಲ್ಲ ನಮಗೆ ಹೇಗೆ ಆಗುತ್ತದೆ ಅಂತ. ಸಂಖ್ಯೆ ಬದಲಿಸಲು ಆಗುವುದಿಲ್ಲ, ನಿಜ. ಆದರೆ ದಿನವನ್ನು ಹಂಚುವುದು ಶಾಖೆಯಲ್ಲೇ ತೀರ್ಮಾನ ಆಗುತ್ತದೆ.

ಸಾಲದ ಕೆಲಸ ನೋಡುವ ಅಧಿಕಾರಿಗೆ ಹೊಸ ಸಾಲ, ಸೇವಿಂಗ್ಸ್ ಖಾತೆ, ವಸೂಲಿ ಮೂರರಲ್ಲೂ ಟಾರ್ಗೆಟ್ ಇರುತ್ತದೆ. ಕಂತಿನ ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ. ಹಾಗಾಗಿ 61ರಿಂದ 90 ದಿನದ ನಡುವೆ ಇರುವ, ಬ್ಯಾಂಕಿನವರು ಎಸ್‌ಎಂಎ-2 ಅಂತ ಕರೆಯುವ ಖಾತೆಗಳು ಕಾಯುವುದಿಲ್ಲ. ಹೊಸ ಖಾತೆ ಒಂದು ವಾರ ಕಾಯುತ್ತದೆ. ಈ ಪಟ್ಟಿ ಹಿಡಿದು ಶಾಖಾ ವ್ಯವಸ್ಥಾಪಕರ ಹತ್ತಿರ ಹೋಗಿ: "ಮೇಡಂ, ಮುಂದಿನ ಹತ್ತು ದಿನದಲ್ಲಿ ಇಷ್ಟು ಖಾತೆ 90 ದಾಟುತ್ತೆ. ಮಧ್ಯಾಹ್ನದ ಮೇಲೆ ನಾನು ಫೀಲ್ಡ್‌ಗೆ ಹೋಗ್ತೀನಿ. ಆ ಹೊತ್ತಿಗೆ ಕೌಂಟರ್‌ಗೆ ಬೇರೆಯವರನ್ನ ಹಾಕ್ತೀರಾ?" ಟಾರ್ಗೆಟ್ ಅದೇ ಉಳಿಯಿತು, ಕ್ರಮ ಒಪ್ಪಿಗೆ ಆಯಿತು.

## ದಾರಿ ತಪ್ಪುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ

ಗೋಲ್ ಶೀಟಿನಲ್ಲಿ ಇಲ್ಲದ ಕೆಲಸಕ್ಕೆ ಸತತ ಎರಡು ವಾರ ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಗುತ್ತಿದ್ದರೆ ಮೊದಲ ಎಚ್ಚರಿಕೆ ಗಂಟೆ ಬಾರಿಸಿತು ಅಂದುಕೊಳ್ಳಿ. ಒನ್-ಆನ್-ಒನ್ ಸತತ ಮೂರು ಸಲ ರದ್ದಾದರೆ ಎರಡನೆಯದು. ನಿಮ್ಮ ಒಂದನೇ ಕೆಲಸದ ಬಗ್ಗೆ ಮ್ಯಾನೇಜರ್ ಒಂದು ತಿಂಗಳಿಂದ ಏನೂ ಕೇಳಿಲ್ಲ ಅಂದರೆ ಅವರ ಆದ್ಯತೆ ಬದಲಾಗಿದೆ, ನಿಮಗೆ ಹೇಳಲು ಮರೆತಿದ್ದಾರೆ. ನೀವೇ ಹೋಗಿ ಕೇಳಿ.

ಇನ್ನೊಂದು ಗಂಭೀರ ಸೂಚನೆ ಇದೆ. ಬರೆದು ಕೊಡಿ ಅಂದಾಗಲೆಲ್ಲ ಮ್ಯಾನೇಜರ್ ಜಾರಿಕೊಳ್ಳುವುದು, ಒಪ್ಪಿದ ಮೇಲ್‌ಗೆ ಎಂದೂ ಉತ್ತರ ಕೊಡದಿರುವುದು, ಬಾಯಲ್ಲಿ ಮಾತ್ರ ಬೇರೆ ಹೇಳುವುದು. ಇದು ಎರಡು ಮೂರು ಸಲ ಆದರೆ ಎಚ್‌ಆರ್ ಅಥವಾ ಮೇಲಿನ ಮ್ಯಾನೇಜರ್ ಹತ್ತಿರ ಸಲಹೆ ಕೇಳಿ. ದೂರು ಅಂತ ಹೋಗಬೇಡಿ. "ನನ್ನ ಆದ್ಯತೆ ಸ್ಪಷ್ಟ ಮಾಡಿಕೊಳ್ಳಲು ಸಹಾಯ ಬೇಕು" ಅಂತ ಹೋಗಿ, ಮೇಲ್‌ಗಳನ್ನು ಜೊತೆಗಿಟ್ಟುಕೊಳ್ಳಿ.

## ಪೋರ್ಟಲ್ ಮುಚ್ಚಲು ಎರಡೇ ದಿನ ಇದ್ದರೆ

ಇವತ್ತು ರಾತ್ರಿ ಹಂತ 2ರ ಲೆಕ್ಕ ಮಾತ್ರ ಮಾಡಿ, ಅರ್ಧ ಗಂಟೆ ಸಾಕು. ನಾಳೆ ಬೆಳಗ್ಗೆ ಮ್ಯಾನೇಜರ್ ಹತ್ತಿರ 15 ನಿಮಿಷ ಕೇಳಿ, ಒಂದನೇ ಕೆಲಸ ಯಾವುದು, ಬಿಡುವುದು ಯಾವುದು ಅಂತ ಎರಡೇ ಪ್ರಶ್ನೆ ಕೇಳಿ. ಮಧ್ಯಾಹ್ನ ನಾಲ್ಕು ಸಾಲಿನ ಮೇಲ್ ಹಾಕಿ. ನಾಡಿದ್ದು ಪೋರ್ಟಲ್ ತುಂಬಿ. ಉಳಿದ ಹಂತಗಳಿಗೆ ಮುಂದಿನ ವಾರದ ಒನ್-ಆನ್-ಒನ್‌ನಲ್ಲಿ ಹೊತ್ತು ಹಿಡಿದಿಡಿ, ಇನ್ವೈಟನ್ನು ಇವತ್ತೇ ಕಳಿಸಿ.